ಕಾಕುವಿನ ಮದ್ದು ತೆಗೆಸಿದ್ದು

ಮೊನ್ನೆ ಅಂಬಲಿ ಗಡಿಗೆಯ ಮುಚ್ಚಳ ತೆಗೆದೆ. ಮೂರು ದಿನದ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಮೇಲವಂಕಿಯಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದ ಕಾಕು ಕಣ್ಣೆದುರು ಬಂದು ನಿಂತಳು. ಆಕೆಯ ಬಾಯಿಂದ ಇದೇ ವಾಸನೆ ಬರುತ್ತಿತ್ತು. ಇಪ್ಪತ್ತು ವರ್ಷ ದಾಟಿತು…

ಸೋಮವಾರ ಉಂಡ ಮಡಕಿಕಾಳು ಬುಧವಾರ ಇಡಿಯಾಗಿ ವಾಂತಿಯಲ್ಲಿ ಬರುತ್ತಿದ್ದವು. ಎರಡು ದಿನ ಉಪವಾಸ ಇದ್ದರೂ ಉಬ್ಬಿದ ಹೊಟ್ಟೆ ಇಳಿಯುತ್ತಿರಲಿಲ್ಲ. ಆಕೆ ಮಗ್ಗುಲಾದರೆ ಒಳಗೆ ಕೊಡದಲ್ಲಿ ನೀರು ಅಲುಗಾಡಿದಂಥ ಸಪ್ಪಳ. ಕಿವಿ ಹಚ್ಚಿ ಕೇಳಿದೆ.

"ಯಾರೋ ಊಟದಾಗ ಮದ್ದ ಹಾಕ್ಯಾರ, ಕಾಕು," ಅಂದವಳು ನಾನೇ. ಮೂಡಲಗಿ ಕಡೆ ಮದ್ದು ತೆಗೆಯುವ ಮುದುಕನ ಹತ್ತಿರ ಕರೆದುಕೊಂಡು ಹೋದವಳೂ ನಾನೇ. ಆತ ಬೇರಿನ ರಸ ಕುಡಿಸಿ ಕಾರಿಸಿದ. ಬೋಗುಣಿ ತುಂಬಿತು.

"ನೋಡ್ರಿ, ಮದ್ದ ಬಂತು. ದಿನಾ ಉಣ್ಣಾಕ ನೀಡವ್ರು ಯಾರು?" ಅಂದ.

ನೀಡುವವಳು ಸೊಸೆ. ಅಂದಿನಿಂದ ಕಾಕು ಸೊಸೆಯ ಕೈಯ ನೀರೂ ಮುಟ್ಟಲಿಲ್ಲ.

ಕಾರಿದ ಮೇಲೆ ಎರಡು ದಿನ ಹಗುರ ಆಗುತ್ತಿತ್ತು. ಅದಕ್ಕೇ ನಂಬಿದೆವು. ಮತ್ತೆ ಹೊಟ್ಟೆ ತುಂಬಿದರೆ ಮತ್ತೆ ಹೋದೆವು. ಐದು ಸಲ. "ಅತ್ತಿ, ದವಾಖಾನಿಗಿ ಹೋಗೂಣು ನಡೀರಿ," ಅಂತ ಸೊಸೆ ಅತ್ತಳು. "ನೀ ಸುಮ್ನಿರ, ಮದ್ದ ಹಾಕಿದಾಕಿ," ಅಂತ ನಾನು ಗದರಿಸಿದೆ.

ಕಾಕು ಎಲುಬಿನ ಹಂದರ ಆದಾಗ ಸೊಸೆಯೇ ಹಟ ಮಾಡಿ ಘಟಪ್ರಭಾದ ದವಾಖಾನೆಗೆ ಒಯ್ದಳು. ನಾನೂ ಹೋದೆ. ಅಲ್ಲಿ ಮೂಗಿನಿಂದ ಪೈಪು ಇಳಿಸಿ ಹೊಟ್ಟೆ ತೊಳೆದರು. ಅದರಲ್ಲೂ ಕಾಳಿನ ಸಿಪ್ಪೆ…

"ಹೊಟ್ಟ್ಯಾಗಿನ ಹಳೇ ಹುಣ್ಣ ಮಾಯ್ದು ಬಿಗದು, ಕರುಳಿಗಿ ಹೋಗೋ ಬಾಯಿ ಮುಚ್ಚೇತಿ," ಅಂದರು ಡಾಕ್ಟರು. "ಮೊದಲ ಬಂದಿದ್ರ ಬಲೂನ್ ಹಾಕಿ ಹಿಗ್ಗಿಸಿ ನೋಡಬಹುದಿತ್ತು. ಈಗ ಆಪರೇಷನ್ ಒಂದ. ಆ ಬಾಯಿ ಹಂಗ ಬಿಟ್ಟು, ಕರುಳಿಗಿ ಬ್ಯಾರೆ ದಾರಿ ಜೋಡಸ್ತೇವಿ. ಆದ್ರ ಮೊದಲ ಸಲಾಯಿನ್ ಹಚ್ಚಿ ಮೈಯಾಗ ಕಸುವು ಬರಸಬೇಕು."

ಕಾಕು ನಕ್ಕಳು. "ಮನಿ ಪಾಲಾದಾಗ ನಮ್ಮ ಮೈದುನಾನೂ ಹಂಗ ಮಾಡಿದ್ದ ನೋಡ್ರಿ. ಹಳೇ ಬಾಗಲಾ ಮುಚ್ಚಿ ಹಿತ್ತಲಕಡೆ ಹೊಸಾ ಬಾಗಲಾ."

ಕಸುವು ಬರಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಹೋದಳು. ಬಟ್ಟೆ ಬದಲಿಸಲು ಹೊರಳಿಸಿದಾಗ, ಸತ್ತ ಹೊಟ್ಟೆ ಇನ್ನೊಮ್ಮೆ ಸಪ್ಪಳ ಮಾಡಿತು. ನಾನೂ ಸೊಸೆಯೂ ಇಬ್ಬರೂ ಕೇಳಿದೆವು.

ಕಾಕುವಿನಂಥ ಮಾತಿನವಳು ನನಗೆ ಮತ್ತೆ ಸಿಗಲಿಲ್ಲ. ಸೊಸೆಗೂ ಈಗ ಕೂದಲು ನೆರೆತಿವೆ. ತಪ್ಪಾಯಿತೆಂದು ನಾನು ಇವತ್ತಿನವರೆಗೆ ಅವಳಿಗೆ ಹೇಳಿಲ್ಲ. ಹಬ್ಬ ಬಂದರೆ ಹೋಳಿಗೆ ತರುತ್ತಾಳೆ. ಒಂದು ಚೂರು ಮುರಿದು, ನನ್ನನ್ನೇ ನೋಡುತ್ತಾ ಮೊದಲು ತಾನು ತಿನ್ನುತ್ತಾಳೆ. ಆಮೇಲೆ ತಾಟು ನನ್ನ ಮುಂದೆ ಸರಿಸುತ್ತಾಳೆ.