ಯಾವ ರೆಕ್ಕೆ?

ಗೊಂಬೆ ಕಡೆಯುವ ಮೇಸ್ತ್ರಿಯ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಅದರ ಜಾಗದಲ್ಲಿ ಕೆಂಪು ಅರಗು ಕೂತು ಉಗುರಿಗಿಂತ ಚೆನ್ನಾಗಿ ಹೊಳೆಯುತ್ತಿತ್ತು. ಆ ಕೈಗೆ ಕಡಲಹಕ್ಕಿಗಳ ಆರ್ಡರ್ ಒಪ್ಪಿಸಿದ ದಿನವೇ ನನ್ನ ನೆಮ್ಮದಿ ಹಾರಿಹೋಯಿತು. ಹಾಲೆಮರ ಸೀಳಬಹುದು, ಅರಗು ಗುಳ್ಳೆ ಏಳಬಹುದು, ಲೇತಿಗೆ ಕರೆಂಟು ಕೈಕೊಡಬಹುದು, ಕೆಂಗಲ್ ಹನುಮನ ಗುಡಿಯ ಕೋತಿ ನನ್ನ ಗೊಂಬೆ ಅಂಗಡಿಗೆ ನುಗ್ಗಬಹುದು, ಎಪ್ಪತ್ತು ದಾಟಿದ ಮೇಸ್ತ್ರಿಯೇ ಹೋಗಿಬಿಡಬಹುದು. ಈ ಕೊನೆಯದನ್ನೇ ಮೊದಲು ಯೋಚಿಸಿದ್ದೆ.

ಕಡಲಿನಲ್ಲಿ ಗಾಳಿಯಂತ್ರ ನೆಡುವ ಕಂಪನಿಯೊಂದು ಅತಿಥಿಗಳಿಗೆ ಕೊಡಲು ಗೊಂಬೆ ಕೇಳಿತ್ತು: ನಡುವೆ ತಿರುಗುವ ಯಂತ್ರ, ಸುತ್ತ ಐದು ಜಾತಿಯ ಹಕ್ಕಿ. ಒಂದೇ ಹಕ್ಕಿ ಮಾಡಿ ಐದು ಬಣ್ಣ ಹಾಕಿ ಎಂದೆ.

"ಬಣ್ಣ ಬ್ಯಾರೆ ಆದ್ರೆ ಜಾತಿ ಬ್ಯಾರೆ ಆಯ್ತದೇನ್ಲಾ, ಸಾವ್ಕಾರ?"

ಸಾವ್ಕಾರ ಅನ್ನುತ್ತಿದ್ದುದು ನನ್ನ ಅಂಗಡಿಯನ್ನು ಅಣಕಿಸಲಿಕ್ಕೆ.

ಚನ್ನಪಟ್ಟಣ ಬಿಟ್ಟರೆ ಮೈಸೂರಷ್ಟೇ ಕಂಡಿದ್ದ ಮನುಷ್ಯ, ಮಂಜಾದ ಕಣ್ಣನ್ನು ನನ್ನ ಫೋನಿನ ಚಿತ್ರಕ್ಕೆ ಅಂಟಿಸಿ, ಕವಲುಬಾಲದ್ದು, ಬಾಗುಕೊಕ್ಕಿನದ್ದು, ಕತ್ತಿಯಂಥ ರೆಕ್ಕೆಯದ್ದು ಎಂದು ಒಂದೊಂದನ್ನೂ ಬೇರೆಯಾಗಿಯೇ ಕಡೆದರು. ಇದೇ ತಮ್ಮ ಕೊನೆಯ ಕೆಲಸವೆಂದು ಅವರಿಗೆ ಗೊತ್ತಿತ್ತು.

ಮಾದರಿಯನ್ನು ತಿರುಗಿಸಿದರೆ ಯಂತ್ರ ಹಕ್ಕಿಗೆ ಟಕ್ಕೆಂದು ಬಡಿಯಿತು.

"ತಾಗ್ತೈತಲ್ಲ ಮೇಸ್ತ್ರಿ!"

"ಕಡ್ಲಾಗೆ ತಾಗಾಕಿಲ್ವಾ? ಅವರ್ನೇ ಕೇಳು."

ಕೇಳಲಿಲ್ಲ. ಮಾದರಿ ನೋಡಿದ ಕಂಪನಿಯವರೇ ಫೋನ್ ಮಾಡಿ, ರೆಕ್ಕೆ ಚಿಕ್ಕದು ಮಾಡಿ ಎಂದರು. ಮೇಸ್ತ್ರಿಗೆ ಫೋನಿನಲ್ಲಿ ಹಾಗೇ ದಾಟಿಸಿದೆ. ವಾರ ಬಿಟ್ಟು ಹೋದರೆ ಅಷ್ಟೂ ಗಾಳಿಯಂತ್ರಗಳ ರೆಕ್ಕೆ ಮೋಟು, ಹಕ್ಕಿಗಳು ಇಡಿಯಾಗಿದ್ದವು. ನಮ್ಮಲ್ಲಿ ಫ್ಯಾನಿಗಿರುವುದೂ ರೆಕ್ಕೆಯೇ.

"ನಮ್ಮ ಯಂತ್ರ ಟೇಬಲ್ ಫ್ಯಾನ್ ಥರ ಕಾಣ್ತಿದೆ. ಹಕ್ಕಿದು ಕತ್ತರಿಸಿ ಅಂದಿದ್ದು" ಎಂದರು ಕಂಪನಿಯವರು. ಮೇಸ್ತ್ರಿ ಒಪ್ಪಲಿಲ್ಲ. ಯಂತ್ರಕ್ಕೆ ಹೊಸ ರೆಕ್ಕೆ ಬೇರೆ ಕಡೆ ಮಾಡಿಸಿದೆ. ಹಕ್ಕಿಗಳದ್ದನ್ನು ಅವರ ಲೇತಿನ ಮುಂದೆಯೇ ಕೂತು ಗರಗಸದಲ್ಲಿ ನಾನೇ ಕೊಯ್ದೆ. ಬಲು ಜೋಪಾನವಾಗಿ; ಬೆರಳು ಕೊಯ್ದುಕೊಂಡೇನೆಂಬ ಹೆದರಿಕೆ. ಐದು ಜಾತಿಯೂ ಕೋಳಿಯಾದವು. ಮೇಸ್ತ್ರಿ ನೆಲ ತಡವಿ ತಡವಿ ಚೂರುಗಳನ್ನೆಲ್ಲ ಡಬ್ಬಿಗೆ ತುಂಬಿ ಕೊಟ್ಟರು.

"ತಗಳ್ಲಾ ಸಾವ್ಕಾರ. ಕೋಳಿ ಅಂಗ್ಡಿ ಮಡುಗು."

ಆಮೇಲೆ ಲೇತು ಮುಟ್ಟಲಿಲ್ಲ. ಯುಗಾದಿಗೆ ಮುಂಚೆ ಹೋದರು.

ಮರ ಸೀಳಲಿಲ್ಲ, ಅರಗು ಗುಳ್ಳೆ ಏಳಲಿಲ್ಲ, ಕೋತಿಯೂ ಬರಲಿಲ್ಲ. ಕಂಪನಿಯ ಮಾತು ದಾಟಿಸಿದ ಅವತ್ತು ಫೋನಿನಲ್ಲಿ ಮೇಸ್ತ್ರಿ ಕೇಳಿಯೇ ಇದ್ದರು: "ಯಾವ್ ರೆಕ್ಕೆಲಾ?"

ಅಂಗಡಿಯಲ್ಲಿ ನನ್ನೆದುರಿಗೆ ಗಿರಾಕಿ ಕಾಯುತ್ತ ನಿಂತಿದ್ದರು.

"ಉದ್ದ ಇರೋದು" ಅಂದೆ.