ಅವ್ವನ ದವಡೆಯ ಸ್ಕ್ರೂ

ಅಪ್ಪ ಉಣ್ಣುವಾಗ ತುತ್ತಿಗೊಮ್ಮೆ ಗಂಟಲು ಕೆರೆದುಕೊಳ್ಳುತ್ತಾನೆ. ಅದನ್ನು ಅವನೆದುರಿಗೇ ಮಾಡಿ ತೋರಿಸಿದ್ದು ನನ್ನ ತಪ್ಪು. ಬ್ಯಾಡಗಿಯಲ್ಲಿ ನಾನು ಅಣಕಿಸದವರು ಕಡಿಮೆ: ಮೆಣಸಿನಕಾಯಿ ದಲಾಲರು, ಬಸ್ ಕಂಡಕ್ಟರು, ಯಾರೂ ಸಿಗದಿದ್ದರೆ ಕನ್ನಡಿಯಲ್ಲಿ ಕಾಣುವ ಗೂನು ಬೆನ್ನಿನ ನಾನೇ. ಅಪ್ಪನಿಗೆ ಆ ದಿನ ನಗು ಬರಲಿಲ್ಲ. ಹಿತ್ತಾಳೆಯ ತಂಬಿಗೆ ಎತ್ತಿ ಬೀಸಿದ. ನಾನು ಬಗ್ಗಿದೆ. ನನ್ನ ಹಿಂದೆ ರೊಟ್ಟಿ ತರುತ್ತಿದ್ದ ಅವ್ವನ ಬಾಯಿಗೆ ಅದು ಬಡಿಯಿತು. ಮೇಲಿನ ಮುಂದಿನ ಹಲ್ಲೊಂದು ಬೇರುಸಹಿತ ಕಿತ್ತು ಬಂತು. ಸೀರೆಯ ಸೆರಗು ಒದ್ದೆಯಾಗುವಷ್ಟು ರಕ್ತ.

ಬಗ್ಗಿದ ಪಾಪಕ್ಕೆ ನಾನೇ ಅವಳನ್ನು ರಾಣೆಬೆನ್ನೂರಿನ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ತೆಳ್ಳನೆಯ ಹುಡುಗ, ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು. ದವಡೆಯ ಎಲುಬಿಗೆ ಸ್ಕ್ರೂ ಕೂರಿಸಿ, ಎಲುಬು ಅದನ್ನು ಹಿಡಿದ ಮೇಲೆ ಹಲ್ಲು ಹಾಕುತ್ತೇನೆ ಎಂದ.

"ಹಿಂದ ಏನರ ಆಪರೇಷನ್ ಆಗೇತೇನ್ರಿ? ಮುಟ್ಟು ನಿಂತೇತೇನ್ರಿ?"

ಅವ್ವ ನನ್ನ ಕಡೆ ನೋಡಿದಳು. "ಏನೂ ಆಗಿಲ್ರಿ."

ಅದು ಸುಳ್ಳು ಎಂದು ನನಗೆ ಗೊತ್ತಿರಲಿಲ್ಲ.

ಡ್ರಿಲ್ ಹಾಕಿದಾಗ ಬೋರ್‌ವೆಲ್ ಗಾಡಿ ಬಾಯೊಳಗೇ ನಿಂತಂತಾಗಿತ್ತಂತೆ. ಕೆಲವು ತಿಂಗಳಿಗೆ ಹಲ್ಲು ಬಂತು. ಅವ್ವ ಮತ್ತೆ ಕಡಕ್ ರೊಟ್ಟಿ ಮುರಿದು ತಿಂದಳು, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದಲ್ಲಿ ಬಾಯಿ ತೆರೆದು ನಕ್ಕಳು. ಎರಡನೆಯ ವರ್ಷ ಒಸಡು ಬಾತುಕೊಂಡಿತು. ನಾಲಿಗೆ ತಾಗಿಸಿದರೂ ಹಲ್ಲು ಅಲುಗತೊಡಗಿತು. ಒಂದು ಮಧ್ಯಾಹ್ನ ರೊಟ್ಟಿ ಕಚ್ಚಿದವಳು ಬಾಯಿ ಹಿಡಿದುಕೊಂಡು ಗೋಡೆಗೆ ತಲೆ ಚಚ್ಚಿಕೊಂಡಳು. ಬೆರಳ ಸಂದಿಯಿಂದ ಕೀವು, ರಕ್ತ.

ನಾನು ಸೀದಾ ರಾಣೆಬೆನ್ನೂರಿಗೆ ಹೋಗಿ ಆ ಡಾಕ್ಟರನ ಕಾಲರು ಹಿಡಿದೆ. "ನನ್ನ ಅವ್ವನ ಬಾಯಿ ಕೊಳಸೀಯಲ್ಲೋ!" ಮೇಜಿನ ಮೇಲಿದ್ದ ಪ್ಲಾಸ್ಟರ್ ದವಡೆ ಎತ್ತಿ ನೆಲಕ್ಕೆ ಅಪ್ಪಳಿಸಿದೆ. ಅಷ್ಟರಲ್ಲಿ ಕಂಪೌಂಡರ್ ಬಂದು ನನ್ನ ಕೆನ್ನೆಗೆ ಬಿಟ್ಟ. ಅವನು ಕಂಪೌಂಡರ್ ಅಲ್ಲ, ಪೈಲ್ವಾನ. ನನ್ನನ್ನು ಗೋಡೆಗೆ ಒತ್ತಿ ಹಿಡಿದಾಗ, ಡಾಕ್ಟರ್ ಬಗ್ಗಿ, ಗದ್ದಲದಲ್ಲಿ ಬಿದ್ದು ಒಡೆದ ಕನ್ನಡಕ ಎತ್ತಿಕೊಂಡು ಅವ್ವನ ಹಳೆಯ ಎಕ್ಸ್‌ರೇ ತೆಗೆದ.

"ಇಲ್ಲಿ ಎಲುಬು ಚಲೋ ಹಿಡದಿತ್ತು. ಈಗ ಯಾಕ ಕರಗಾಕತ್ತೇತಿ ನನಗೂ ತಿಳಿಯವಲ್ದು. ಹಾವೇರಿಯೊಳಗ ನನಗ ಕಲಿಸಿದ ಮೇಡಮ್ ಅದಾರ, ಅಲ್ಲಿ ತೋರಸ್ರಿ. ಮೊದಲ ಈ ಜಗಳ ಬಿಡ್ರಿ."

ಹಾವೇರಿಗೆ ಅವ್ವ, ಅಪ್ಪ, ನಾನು ಮೂವರೂ ಹೋದೆವು. ಮೇಡಮ್ ಹೊಸ ಎಕ್ಸ್‌ರೇ ಬೆಳಕಿಗೆ ಹಿಡಿದರು. ಸ್ಕ್ರೂವಿನ ಸುತ್ತ ಇಲಿ ಕೊರೆದಂಥ ಕಪ್ಪು. ಅವರೂ ಆಪರೇಷನ್ನಿನ ಅದೇ ಪ್ರಶ್ನೆ ಕೇಳಿದರು. ಅವ್ವ ಅದೇ ಉತ್ತರ ಕೊಟ್ಟಳು. ಮೂಲೆಯಲ್ಲಿ ನಿಂತಿದ್ದ ಅಪ್ಪ ಗಂಟಲು ಕೆರೆದುಕೊಂಡ.

"ಆಕಿದು ಚೀಲ ತಗಿಸೇವಲ್ರಿ."

ಚೀಲ ಎಂದರೆ ಗರ್ಭಚೀಲ. ಅವ್ವನ ಜೊತೆ ತೊಟ್ಟು ಬಿಡಿಸುವ ಹೆಂಗಸರಲ್ಲಿ ಹಲವರು ಚೀಲ ತೆಗೆಸಿದವರು. ಅದು ಅವರವರ ನಡುವಿನ ಮಾತು. ಗಂಡಸು ಹತ್ತಿರ ಬಂದರೆ ಬಾಯಿ ಮುಚ್ಚುತ್ತಾರೆ, ಬೆಳೆದ ಮಗನೆದುರು ಅದು ಆಗಿಯೇ ಇಲ್ಲ.

ಅವ್ವ ಕುರ್ಚಿಯಿಂದ ಎದ್ದಳು. ಕೈಯಲ್ಲಿದ್ದ ಊಟದ ಡಬ್ಬಿಯನ್ನು ಅಪ್ಪನ ಹೆಗಲಿಗೆ ಬಾರಿಸಿದಳು. ಮತ್ತೆ ಬಾರಿಸಿದಳು. ಮುಚ್ಚಳ ಹಾರಿ ಪಲ್ಯ ಗೋಡೆಗೆ ಸಿಡಿಯಿತು. ಅಲ್ಲಿಯವರೆಗೆ ಅವನಿಗೆ 'ರೀ' ಎನ್ನುತ್ತಿದ್ದವಳು ಕಿರುಚಿದಳು:

"ಈಗ ಬಾಯಿ ಬಂತೇನ ನಿನಗ? ಮೂವತ್ತೊಂದು ವರ್ಷದಾಕಿ ಇದ್ನಿ! ಬಿಳಿ ಹೋಗತೇತಿ, ನಡಾ ನೋಯತೇತಿ ಅಂದ್ರ ಕೊಯ್ಸೇ ಬಿಟ್ಟಿ! ಒಂದು ಮಾತು ಕೇಳಿದೇನು ನನ್ನ?"

ಮೇಡಮ್ ನಮ್ಮಿಬ್ಬರಿಗೂ ಹೊರಗೆ ಹೋಗಲು ಸನ್ನೆ ಮಾಡಿದರು.

"ಬ್ಯಾಡ್ರಿ. ನಿಲ್ಲಲಿ, ಕೇಳಲಿ," ಎಂದಳು ಅವ್ವ, ಏದುಸಿರು ಬಿಡುತ್ತ.

ಮೇಡಮ್ ಹೇಳಿದ್ದನ್ನು ನಾವು ಕೇಳಿದೆವು. ಎಲುಬು ದಿನಾ ಸ್ವಲ್ಪ ಕರಗುತ್ತದೆ, ದಿನಾ ಸ್ವಲ್ಪ ಕಟ್ಟಿಕೊಳ್ಳುತ್ತದೆ. ಕರಗುವುದಕ್ಕೆ ಲಗಾಮು ಹಾಕುವುದು ಅಂಡಾಶಯದ ಹಾರ್ಮೋನು. ಚೀಲದ ಜೊತೆ ಅಂಡಾಶಯವನ್ನೂ ತೆಗೆದಿದ್ದರೆ ಅದು ಒಮ್ಮೆಲೇ ನಿಲ್ಲುತ್ತದೆ. ಸೊಂಟದಲ್ಲಿ ಆಗುವುದು ದವಡೆಯಲ್ಲೂ ಆಗಬಹುದು.

"ಅದರಿಂದನ ಹೋತು ಅಂತ ನಾ ಆಣೆ ಮಾಡಿ ಹೇಳಾಕಾಗೂದಿಲ್ಲ. ಕೀವೂ ಆಗೇತಿ. ಆದ್ರ ಮೊದಲ ಗೊತ್ತಿದ್ರ ಎಲುಬು ತಪಾಸ ಮಾಡಿ, ಇನ್ನಷ್ಟು ಕಾದು, ಆಗಾಗ ನೋಡ್ತಿದ್ರು. ಈ ಸ್ಕ್ರೂ ಉಳ್ಯೂದಿಲ್ಲವ್ವ."

ಅಂದೇ ತೆಗೆದರು. ಸೂಜಿ ಚುಚ್ಚಿ ಮರಗಟ್ಟಿಸಿದ್ದರೂ ಅವ್ವ ನನ್ನ ಮಣಿಕಟ್ಟು ಹಿಡಿದಿದ್ದಳು. ಇಕ್ಕಳದಲ್ಲಿ ಸ್ಕ್ರೂ ತಿರುಗಿಸುವಾಗ ಅವಳ ಉಗುರು ನನ್ನ ಚರ್ಮದೊಳಕ್ಕೆ ಇಳಿಯಿತು. ಕೊಳೆತ ಭಾಗವನ್ನು ಕೆರೆಯುವ ಸದ್ದಿಗೆ ಅಪ್ಪ ಗೋಡೆಯ ಕಡೆ ತಿರುಗಿ ನಿಂತ.

ಹತ್ತಿ ಕಚ್ಚಿಕೊಂಡೇ ಅವ್ವ ಕೇಳಿದಳು, "ಇನ್ನೊಂದು ಕುಂದರಸ್ತೀರೇನ್ರಿ?"

"ಗಾಯ ಮಾಯಲಿ. ಎಲುಬಿನ ಸ್ಕ್ಯಾನ್ ಆಗಲಿ. ಆಪರೇಷನ್ನಿನಾಗ ಏನೇನು ತಗದಾರ ಅನ್ನೂ ಕಾಗದ ಬೇಕು. ಆಮ್ಯಾಲೆ ನೋಡೂಣು."

ಅವ್ವ ಅಪ್ಪನ ಕಡೆ ತಿರುಗಿದಳು. ತುಟಿಯಂಚಿನಿಂದ ರಕ್ತ ಇಳಿಯುತ್ತಿತ್ತು.

"ಹೋಗು. ಆ ಕಾಗದ ಹುಡಿಕ್ಕೊಂಡು ಬಾ. ಸಿಗಲಿಲ್ಲಂದ್ರ ಕೊಯ್ಸಿದಲ್ಲೇ ಹೋಗಿ ಕೇಳು."

ಅಪ್ಪ ಅಂಗಿಗೆ ಹತ್ತಿದ ಪಲ್ಯವನ್ನೂ ಒರೆಸಿಕೊಳ್ಳದೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿದ.