ಕೊಳವೆಯ ಗೋಡೆ ಹಿಡಿದು ಬಂದವು

ಆಗೆಲ್ಲ ನಮ್ಮ ವಿಜಯನಗರದಲ್ಲಿ ಬೇಸಿಗೆ ರಜೆ ಅಂದರೆ ತಾರಸಿ ಮೇಲೆ ಸಂಡಿಗೆ ಕಾಯೋದು, ಕಾಗೆಗಿಂತ ಮೊದಲು ಅರ್ಧ ಒಣಗಿದ್ದನ್ನ ನಾವೇ ತಿಂದು ಬೈಸಿಕೊಳ್ಳೋದು. ನನ್ನ ಆರನೇ ಕ್ಲಾಸಿನ ರಜೆ ಮಾತ್ರ ಫಿನಾಯಿಲ್ ಮತ್ತು ಮೂಸಂಬಿ ಸಿಪ್ಪೆಯ ವಾಸನೆಯಲ್ಲೇ ಕಳೆದುಹೋಯಿತು. ತಾತನಿಗೆ ಲಕ್ವ ಹೊಡೆದು ನಡುಮನೆಯಲ್ಲಿ ಮಂಚ ಹಾಕಿದ್ದರು. ಮೂತ್ರಕ್ಕೆ ಒಂದು ಕೊಳವೆ, ಅದರ ತುದಿಗೆ ಮಂಚದ ಕೆಳಗೆ ತೂಗೋ ಚೀಲ.

ತಾತನ ಮಗಳು ಸುಮತ್ತೆ ಜ್ಞಾನಭಾರತಿ ಕ್ಯಾಂಪಸ್ಸಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಬ್ಯಾಕ್ಟೀರಿಯಾಗಳು ಹೇಗೆ ಈಜುತ್ತವೆ ಅನ್ನೋದೇ ಅವಳ ವಿಷಯ. ಒಂದು ದಿನ ನನ್ನನ್ನೂ ಕರೆದೊಯ್ದು ಮೈಕ್ರೋಸ್ಕೋಪಿನಲ್ಲಿ ತೋರಿಸಿದಳು. ಕೂದಲೆಳೆಯಷ್ಟು ಕಿರಿದಾದ ಗಾಜಿನ ಕೊಳವೆಯಲ್ಲಿ ನೀರು ಹರಿಯುತ್ತಿತ್ತು. ನಡುವೆ ಇದ್ದ ಬ್ಯಾಕ್ಟೀರಿಯಾಗಳು ಕೊಚ್ಚಿಕೊಂಡು ಹೋಗುತ್ತಿದ್ದವು. ಗೋಡೆ ಹಿಡಿದವು ಮಾತ್ರ, ಅಬ್ಬಾ, ಮೂತಿ ತಿರುಗಿಸಿಕೊಂಡು ಹರಿವಿಗೆ ಎದುರಾಗಿಯೇ ಹೊರಟಿದ್ದವು!

"ಗೋಡೆ ಹತ್ರ ನೀರಿನ ರಭಸ ಕಮ್ಮಿ ಕಣೇ. ಒಂದ್ಸಲ ಗೋಡೆ ಸಿಕ್ತು ಅಂದ್ರೆ ಬೇಗ ಬಿಡಲ್ಲ. ಹಂಗೇ ಮೇಲಕ್ಕೆ ಹೋಗ್ತಾ ಇರ್ತವೆ."

"ತಾತನ ಪೈಪಲ್ಲೂನಾ ಅತ್ತೆ?"

ಅವಳು ಮೈಕ್ರೋಸ್ಕೋಪಿನ ದೀಪ ಆರಿಸಿ, ನಡಿ ಮನೆಗೆ ಹೋಗೋಣ ಅಂದಳು.

ಚೀಲ ಯಾವಾಗಲೂ ಕೆಳಗೇ ಇರಬೇಕು ಅಂತ ಅವಳು ಎಲ್ಲರಿಗೂ ಹೇಳಿದ್ದಳು. ಆದರೆ ಬಡಾವಣೆಯ ಜನ ಬಿಡಬೇಕಲ್ಲ! ಬಾಳೆಹಣ್ಣು, ಬಿಸ್ಕತ್ತು ಹಿಡಿದು ಒಬ್ಬರಾದ ಮೇಲೆ ಒಬ್ಬರು ನೋಡೋಕೆ ಬರೋರು. ಇಸ್ತ್ರಿ ಪಂಚೆ ಇಲ್ಲದೆ ಬಾಗಿಲಿಗೂ ಬಾರದ ಮನುಷ್ಯ ನಮ್ಮ ತಾತ. ಗೇಟಿನ ಸದ್ದಾದರೆ ಸಾಕು, "ಮುಚ್ಚೇ, ಮುಚ್ಚೇ" ಅಂತ ತೊದಲೋರು. ಅಜ್ಜಿ ಚೀಲವನ್ನ ಎತ್ತಿ ಮಂಚದ ಮೇಲಿಟ್ಟು ದುಪ್ಪಟಿ ಎಳೆಯೋರು. ಬಂದವರು ಕಾಫಿ ಕುಡಿದು ಏಳೋವರೆಗೂ ಅದು ಅಲ್ಲೇ.

"ಅಮ್ಮಾ, ಎತ್ತಬೇಡ! ಅದೆಲ್ಲ ವಾಪಸ್ ಒಳಗೆ ಹೋಗತ್ತೆ. ಮೊದಲೇ ಅವು ಎದುರು ಈಜ್ಕೊಂಡು ಬರ್ತವೆ, ನೀನು ಇನ್ನೂ ದಾರಿ ಮಾಡಿಕೊಡ್ತೀಯಲ್ಲ!"

"ನಿಮ್ಮಪ್ಪನ ಮಾನ ಕಣೇ. ಅದೊಂದಾದ್ರೂ ಉಳೀಲಿ ಬಿಡು."

ಒಂದು ಸಂಜೆ ಅಜ್ಜಿ ಅಡುಗೆಮನೆಯಲ್ಲಿದ್ದಾಗ ಗೇಟು ಕಿರ್ ಅಂತು. ತಾತ ಅತ್ತೆಯನ್ನ ನೋಡಿದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅತ್ತೆ ಒಮ್ಮೆ ಅಡುಗೆಮನೆ ಕಡೆ, ಒಮ್ಮೆ ಗೇಟಿನ ಕಡೆ ನೋಡಿದಳು. ಆಮೇಲೆ ತಾನೇ ಬಗ್ಗಿ ಚೀಲ ಎತ್ತಿ, ದುಪ್ಪಟಿ ಹೊದಿಸಿ, "ಬನ್ನಿ ಅಂಕಲ್, ಕೂತ್ಕೊಳ್ಳಿ" ಅಂದಳು.

ಆ ವಾರವೇ ತಾತನಿಗೆ ಚಳಿಜ್ವರ ಹತ್ತಿತು. ಡಾಕ್ಟರು ಕೊಳವೆ ಬದಲಿಸಿದರು, ಇಂಜೆಕ್ಷನ್ ಕೊಟ್ಟರು. ಇಳಿದ ಜ್ವರ ಮತ್ತೆ ಏರಿತು. ಸ್ಕೂಲು ಶುರುವಾಗೋ ಮುಂಚೆಯೇ ತಾತ ಹೋಗಿಬಿಟ್ಟರು. ಜ್ವರ ಬಂದಿದ್ದು ಚೀಲ ಎತ್ತಿದ್ದಕ್ಕೋ, ಆ ಬ್ಯಾಕ್ಟೀರಿಯಾಗಳು ತಾವಾಗಿಯೇ ಹತ್ತಿ ಬಂದಿದ್ದಕ್ಕೋ, ಅತ್ತೆಗೂ ಹೇಳೋಕಾಗಲಿಲ್ಲ.

ಆ ಮನೆ ಈಗಿಲ್ಲ, ಅಪಾರ್ಟ್‌ಮೆಂಟ್ ಎದ್ದಿದೆ. ಫೋನ್ ಮಾಡದೆ ಯಾರ ಮನೆಗೂ ಯಾರೂ ಹೋಗಲ್ಲ. ಆ ಕಾಲವೇ ಚೆನ್ನಾಗಿತ್ತು, ಜನಕ್ಕೆ ಜನ ಆಗುತ್ತಿದ್ದರು ಅಂತ ಎಲ್ಲರೂ ಹಲುಬುತ್ತಾರೆ. ನಾನೂ ಹಲುಬುತ್ತೇನೆ. ಆದರೆ ಆ ಜನರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಏನು ಮಾಡಲಿ, ಪ್ರೀತಿಯಿಂದ ಬಂದವರನ್ನ ಬಾಗಿಲಲ್ಲೇ ನಿಲ್ಲಿಸೋದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.